ಸಿಡುಬಿನ ವಿರುದ್ಧ ಸೆಣಸಿದ ದೊಡ್ಡ ಸ್ವಾಮಿಯೋರು

ಮೈಸೂರು: ಟಿಪ್ಪು ಸುಲ್ತಾನನ ಪತನದ ಬೆನ್ನಲ್ಲೇ, 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರನ್ನು ಈ ಸೀಮೆಯ ಜನ ಕರೆದದ್ದು ದೊಡ್ಡ ಸ್ವಾಮಿಯೋರು ಎಂದು. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವುದು ಅವರ ಹೊಣೆಯಾಗಿತ್ತು.

1792ರಲ್ಲಿ ಭಾರತದತ್ತ ಹೊರಟ ಅವರು ನಿಲುವಂಗಿ ತೊಟ್ಟು, ಪೇಟ ಸುತ್ತಿ, ಇಲ್ಲಿನವರ ಊಟೋಪಚಾರವನ್ನೇ ರೂಢಿಸಿಕೊಂಡರು. ಐರೋಪ್ಯರ ಸಹವಾಸದಿಂದ ದೂರವಿದ್ದುದರಿಂದಲೇ ಹಳ್ಳಿಗರ ಮನೆಬಾಗಿಲು ಅವರಿಗೆ ತೆರೆಯಿತೆನ್ನಬೇಕು.

ಆ ನಂಬಿಕೆ ಫಲ ಕೊಟ್ಟದ್ದು ಸಿಡುಬಿನ ಕಾಲದಲ್ಲಿ. ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಷ್ಟೇ ಭಾರತ ತಲುಪಿತ್ತು. ಶೀತಲಪೆಟ್ಟಿಗೆಯಿಲ್ಲದ ಆ ದಿನಗಳಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ದಾಟಿಸಿಯೇ ಲಸಿಕೆಯನ್ನು ಜೀವಂತವಾಗಿಡಬೇಕಿತ್ತು. ಸರಪಳಿ ಒಮ್ಮೆ ತುಂಡಾದರೆ ಎಲ್ಲವೂ ವ್ಯರ್ಥ. ಅಮ್ಮನ ಮುನಿಸೆಂದು ಅಂಜುತ್ತಿದ್ದ ಜನರನ್ನು ಒಲಿಸಿ, 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಅವರು ಲಸಿಕೆ ಹಾಕಿಸಿದರು.

ಹಾಸನ ಬಳಿಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಶೆಟ್ಟಿಹಳ್ಳಿಯ ಮುಳುಗು ಚರ್ಚನ್ನೂ ಕೆಲವರು ಅವರ ಹೆಸರಿಗೆ ಜೋಡಿಸುವುದುಂಟು; ಅದು ಅವರ ನಿಧನಾನಂತರದ ಕಟ್ಟಡ.

ಹಿಂದೂ ಆಚಾರ-ವಿಚಾರಗಳ ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ವರಹ ತೆತ್ತು ಕೊಂಡಿತು. ಅದರ ಬಹುಭಾಗ ಹಿಂದಿನ ಪಾದ್ರಿ ಕೊರ್ದೂ ಅವರ ಬರಹದಿಂದ ಪಡೆದದ್ದೆಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ಅದು ಸಣ್ಣ ಕಳಂಕವೇನಲ್ಲ.

ಭಾರತದಲ್ಲಿ ಮತಾಂತರ ಯತ್ನ ಫಲಿಸದೆಂದು ಬಹಿರಂಗವಾಗಿ ಬರೆದು, 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1848ರಲ್ಲಿ ಪ್ಯಾರಿಸ್‌ನಲ್ಲಿ ಕೊನೆಯುಸಿರೆಳೆದರು.