ಡೇವಿಡ್ ಮಾರ್ಷಲ್ಲರ ಮದುವೆ

ಕೆಡಾ ರಾಜ್ಯದ ಬಾಲಿಂಗ್ ಪಟ್ಟಣವನ್ನು ಹಾದುಹೋಗುವಾಗಲೆಲ್ಲ ನನಗೆ ಡೇವಿಡ್ ಮಾರ್ಷಲ್ ನೆನಪಾಗುತ್ತಾರೆ. 1955ರ ಡಿಸೆಂಬರಿನಲ್ಲಿ, ಸಿಂಗಪುರದ ಮೊದಲ ಮುಖ್ಯಮಂತ್ರಿಯಾಗಿ, ತುಂಕು ಅಬ್ದುಲ್ ರಹಮಾನರ ಜೊತೆ ಅವರು ಕಮ್ಯುನಿಸ್ಟ್ ನಾಯಕ ಚಿನ್ ಪೆಂಗನೊಡನೆ ಸಂಧಾನಕ್ಕೆ ಕುಳಿತದ್ದು ಇಲ್ಲಿಯ ಶಾಲೆಯೊಂದರಲ್ಲಿ. ಸಂಧಾನ ಫಲಿಸಲಿಲ್ಲ. ಆದರೆ ಈಚೆಗೆ ನನ್ನನ್ನು ಕಾಡುತ್ತಿರುವುದು ಅವರ ಮದುವೆ.

ಮಾರ್ಷಲ್ 1908ರಲ್ಲಿ ಜನಿಸಿದ್ದು ಬಾಗ್ದಾದ್ ಮೂಲದ ಯೆಹೂದಿ ಮನೆತನದಲ್ಲಿ. ಅವರ ಸಂಪ್ರದಾಯದ ವಿವಾಹದಲ್ಲಿ, ಹುಪ್ಪಾ ಎಂಬ ಚಪ್ಪರದಡಿ ವಧೂವರರಿಗೆ ಏಳು ಆಶೀರ್ವಚನಗಳು. ಅವುಗಳಿಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕು. ಪ್ರಾರ್ಥನೆಗೂ ಅದೇ ನಿಯಮ. ನಮ್ಮ ಪಿನಾಂಗಿನಲ್ಲಿ ಆ ಹತ್ತು ಮಂದಿ ದೊರೆಯದೆ 1976ರಲ್ಲಿ ಪ್ರಾರ್ಥನಾಮಂದಿರವೇ ಮುಚ್ಚಿತು. ಇಂಥ ಪುಟ್ಟ ಸಮುದಾಯಕ್ಕೆ ಪ್ರತಿಯೊಂದು ಮದುವೆಯೂ ಲೆಕ್ಕವೇ. ಕುಲವನ್ನು ತಾಯಿಯಿಂದ ಎಣಿಸುವವರು ಬೇರೆ.

ಸಿಂಗಪುರದ ಯೆಹೂದಿ ಸಮುದಾಯದ ಮುಖಂಡರಾಗಿದ್ದ ಮಾರ್ಷಲ್, ಐವತ್ತು ದಾಟಿದ ಮೇಲೆ, 1961ರಲ್ಲಿ ಕೈಹಿಡಿದದ್ದು ಆಂಗ್ಲ ಮಹಿಳೆ ಜೀನ್ ಗ್ರೇ ಅವರನ್ನು. ನಾಲ್ವರು ಮಕ್ಕಳಾದರು. 1995ರಲ್ಲಿ ತೀರಿಕೊಳ್ಳುವವರೆಗೂ ಆ ದಾಂಪತ್ಯ ಉಳಿಯಿತು. ತಮ್ಮ ಯೆಹೂದಿತನವನ್ನು ಅವರೆಂದೂ ಮರೆಮಾಚಲಿಲ್ಲ.

ನನ್ನ ಮಗಳು ಇಲ್ಲಿಯ ಚೀನೀ ಮನೆತನದ ಹುಡುಗನನ್ನು ಮೆಚ್ಚಿದ್ದಾಳೆ. ಧಾರೆಗೆ ಬರುವಿರಾ ಎಂದು ಊರಿನ ಬಂಧುಗಳನ್ನು ಫೋನಿನಲ್ಲಿ ಕೇಳುವ ಧೈರ್ಯ ಬರಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ.