ಗಾಳಿಯೊಳಗಿನ ನೀರನ್ನು ಲೆಕ್ಕ ಹಾಕಿದ ವಿಲ್ಲಿಸ್ ಕ್ಯಾರಿಯರ್

ಆದವಾನಿ, ಆಲೂರು, ಎಮ್ಮಿಗನೂರು, ಮಂತ್ರಾಲಯದ ಕಡೆಯ ನಮ್ಮ ಸದಸ್ಯರು ಬೇಸಿಗೆಯಲ್ಲಿ ಮಾತಿಗೆ ಸಿಕ್ಕರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಹಳೆಯ ಏಸಿ ವಿಪರೀತ ಕರೆಂಟು ತಿನ್ನುತ್ತಿದೆ, ಬದಲಿಗೆ ಯಾವುದನ್ನು ತರೋಣ? ಕಂಪನಿಯ ಹೆಸರು ಸೂಚಿಸುವುದು ಸಂಘದ ಕೆಲಸವಲ್ಲ. ಆ ಯಂತ್ರಕ್ಕೆ ಅಡಿಪಾಯ ಹಾಕಿದವರ ಬದುಕನ್ನು ಹೇಳುತ್ತೇವೆ. ಉತ್ತರದ ಬಹುಪಾಲು ಅದರಲ್ಲೇ ಇದೆ. (ಅವರ ಹೆಸರಿನ ಕಂಪನಿ ಈಗಲೂ ಇದೆ. ಅದನ್ನೇ ಕೊಳ್ಳಿ ಎಂದು ಇದರ ಅರ್ಥವಲ್ಲ.)

ವಿಲ್ಲಿಸ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲ ಎಂಬ ಊರಿನ ಒಕ್ಕಲು ಮನೆಯಲ್ಲಿ. ಬಾಲ್ಯದಲ್ಲಿ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ತಾಯಿ ನೆಲಮಾಳಿಗೆಯಿಂದ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ತೋರಿಸಿದರಂತೆ. ವಿಲ್ಲಿಸ್‌ಗೆ 11 ವರ್ಷವಾದಾಗ ಆ ತಾಯಿ ತೀರಿಕೊಂಡರು. ಹುಡುಗ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, 1901ರಲ್ಲಿ ಎಂಜಿನಿಯರ್ ಆಗಿ ಬಫಲೋ ಫೋರ್ಜ್ ಕಂಪನಿಗೆ ವಾರಕ್ಕೆ 10 ಡಾಲರ್ ಸಂಬಳಕ್ಕೆ ಸೇರಿದರು.

ಮರುವರ್ಷವೇ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ತೊಂದರೆ ಅವರ ಮೇಜಿಗೆ ಬಂತು. ಬಣ್ಣದ ಚಿತ್ರಕ್ಕೆ ಒಂದೇ ಕಾಗದವನ್ನು ಹಲವು ಸಲ ಅಚ್ಚಿಗೆ ಹಾಕಬೇಕು. ನಡುವೆ ಹವೆಯ ತೇವ ಬದಲಾದರೆ ಕಾಗದ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. 1902ರ ಜುಲೈ 17ರ ದಿನಾಂಕವಿರುವ ಅವರ ನಕ್ಷೆಗಳಿಂದ ಇಂದಿನ ಏಸಿಯ ಚರಿತ್ರೆ ಶುರುವಾಗುತ್ತದೆ. ಯಂತ್ರದಿಂದ ತಂಪು ಮಾಡುವುದು ಅದಕ್ಕೂ ಮೊದಲೇ ಇತ್ತು. ಕ್ಯಾರಿಯರ್ ಹಿಡಿದದ್ದು ತೇವವನ್ನು: ವರ್ಷವಿಡೀ ಶೇ. 55ರಷ್ಟು ಆರ್ದ್ರತೆ ನಿಲ್ಲಿಸುವುದು ಅವರ ಗುರಿ. ಎಂದರೆ ಏಸಿ ಹುಟ್ಟಿದ್ದು ಮನುಷ್ಯರ ಸುಖಕ್ಕಲ್ಲ, ಕಾಗದದ ಸುಖಕ್ಕೆ!

ಅದೇ ವರ್ಷ ಪಿಟ್ಸ್‌ಬರ್ಗ್‌ನ ರೈಲು ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ ಅವರಿಗೆ ಮುಂದಿನ ದಾರಿ ಹೊಳೆಯಿತು. ಗಾಳಿ ತಣ್ಣಗಾದಷ್ಟೂ ಅದು ಹಿಡಿದುಕೊಳ್ಳಬಲ್ಲ ನೀರು ಕಡಿಮೆ. ಹಾಗಾದರೆ ತಣ್ಣೀರಿನ ಸಿಂಪರಣೆಯ ಮೂಲಕ ಗಾಳಿ ಹಾಯಿಸಿ, ಆ ನೀರಿನ ಶಾಖವನ್ನು ಹಿಡಿತದಲ್ಲಿಟ್ಟರೆ ಗಾಳಿಯ ತೇವವೂ ಹಿಡಿತಕ್ಕೆ ಬರುತ್ತದೆ. ನೀರು ಚಿಮುಕಿಸಿ ಗಾಳಿಯನ್ನು ಒಣಗಿಸುವ ಈ ವಿಚಿತ್ರ ಉಪಾಯಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಮೊದಲ ಗಿರಾಕಿಗಳಲ್ಲಿ ಹತ್ತಿ ಗಿರಣಿಗಳಿದ್ದವು. ಒಣಹವೆಯಲ್ಲಿ ನೂಲು ಕಡಿಯುತ್ತದೆ ಎಂಬುದನ್ನು ಎಮ್ಮಿಗನೂರಿನ ಮಗ್ಗದವರಿಗೆ ಹೇಳಿಕೊಡಬೇಕಿಲ್ಲ. ಏರ್ ಕಂಡಿಷನಿಂಗ್ ಎಂಬ ಹೆಸರನ್ನೂ ಅದೇ ವರ್ಷ ಇಟ್ಟವರು ಸ್ಟುವರ್ಟ್ ಕ್ರೇಮರ್ ಎಂಬ ಬಟ್ಟೆ ಗಿರಣಿಯ ಎಂಜಿನಿಯರ್.

1911ರಲ್ಲಿ ಕ್ಯಾರಿಯರ್ ತಮ್ಮ ಸೂತ್ರಗಳನ್ನು ಎಂಜಿನಿಯರುಗಳ ಸಭೆಯ ಮುಂದಿಟ್ಟರು. ಆ ಲೆಕ್ಕವನ್ನು ನಮ್ಮ ಸೀಮೆಗೆ ಹಾಕಿ ನೋಡಿ. 40 ಡಿಗ್ರಿ ಬಿಸಿಲು, ಶೇ. 20 ತೇವ ಇದ್ದರೆ ಬರೀ ನೀರು ಆರಿಸಿಯೇ ಗಾಳಿಯನ್ನು ಹೆಚ್ಚೆಂದರೆ 23 ಡಿಗ್ರಿಯ ಹತ್ತಿರಕ್ಕೆ ಇಳಿಸಬಹುದು. ಕೂಲರ್ ಮಾಡುವುದು ಇದನ್ನೇ. ಅಷ್ಟು ಪೂರ್ತಿಯಾಗಿ ಇಳಿಸದಿದ್ದರೂ ಒಣ ಬೇಸಿಗೆಗೆ ಸಾಕು. ಮಳೆ ಶುರುವಾಗಿ 35 ಡಿಗ್ರಿಗೆ ಶೇ. 60 ತೇವ ಸೇರಿದರೆ 28ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆಗ ಏಸಿಯೇ ಬೇಕು. ಆದ್ದರಿಂದ ಏಪ್ರಿಲ್‌ನ ಹಗಲಿಗೆ ಕೂಲರ್, ಸೆಕೆಯ ರಾತ್ರಿಗೆ ಒಂದೇ ಕೋಣೆಗೆ ಏಸಿ ಎಂಬ ಏರ್ಪಾಡು ನಮ್ಮಲ್ಲಿ ಜಾಣತನವೇ. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕುವವರಿದ್ದಾರೆ! ಕೂಲರ್ ತುಂಬಿದ ನೀರನ್ನು ಏಸಿ ಕರೆಂಟು ಸುಟ್ಟು ಹೊರಹಾಕುತ್ತಿರುತ್ತದೆ.

1915ರಲ್ಲಿ ಆರು ಜನ ಗೆಳೆಯರೊಂದಿಗೆ 32,600 ಡಾಲರ್ ಕೂಡಿಸಿ ಅವರು ಸ್ವಂತ ಕಂಪನಿ ಕಟ್ಟಿದರು. 1922ರಲ್ಲಿ ಸೆಂಟ್ರಿಫ್ಯೂಗಲ್ ಯಂತ್ರ ಬಂತು. ಅದಕ್ಕೆ ವಿಷಕಾರಿ ಅಮೋನಿಯ ಬೇಡವಾಗಿತ್ತು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರ ತಂಪಾದ ಮೇಲೆ ಜನಸಾಮಾನ್ಯರಿಗೂ ಅದರ ರುಚಿ ಹತ್ತಿತು. ಮನೆಯ ಯಂತ್ರವನ್ನೂ ಕ್ಯಾರಿಯರ್ ತಯಾರಿಸಿದರು, ಆದರೆ ಆರ್ಥಿಕ ಮುಗ್ಗಟ್ಟು ಅಡ್ಡ ಬಂತು. 1950ರ ಅಕ್ಟೋಬರ್ 7ರಂದು ಅವರು ತೀರಿಕೊಂಡಾಗ ಏಸಿ ಇನ್ನೂ ಮನೆಮನೆಯ ವಸ್ತುವಾಗಿರಲಿಲ್ಲ.

ಇನ್ನು ಅಂಗಡಿಗೆ ಹೋಗುವವರಿಗೆ. ಟನ್ ಎಂದರೆ ಯಂತ್ರದ ತೂಕವಲ್ಲ; ಸುಮಾರು 907 ಕಿಲೋ ಐಸ್ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖ. ಹಳೆಯದು ಒಂದೂವರೆ ಟನ್ ಇತ್ತೆಂದು ಅಷ್ಟನ್ನೇ ತರಬೇಡಿ, ಕೋಣೆ ಅಳೆಸಿ. ಮಣ್ಣಿನ ಮಾಳಿಗೆಯ ಕೋಣೆಗೆ ಬೇಕಾದದ್ದಕ್ಕಿಂತ ಬಿಸಿಲು ಬೀಳುವ ಸಿಮೆಂಟ್ ಚಾವಣಿಯ ಕೋಣೆಗೆ ಹೆಚ್ಚು ಬೇಕು. ಚಾವಣಿಗೆ ಸುಣ್ಣ ಬಳಿದರೆ ಅದೂ ಇಳಿಯುತ್ತದೆ. ಲೇಬಲ್ಲಿನಲ್ಲಿ ನಕ್ಷತ್ರ ಎಣಿಸಿದರೆ ಸಾಲದು, ಐಎಸ್‌ಇಇಆರ್ ಅಂಕಿ ನೋಡಿ: 3ರ ಯಂತ್ರಕ್ಕಿಂತ 5ರ ಯಂತ್ರ ಅಷ್ಟೇ ತಂಪಿಗೆ ಶೇ. 40 ಕಡಿಮೆ ಕರೆಂಟು ಬಳಸುತ್ತದೆ. ನಕ್ಷತ್ರದ ಅಳತೆಗೋಲು ಆಗಾಗ ಬಿಗಿಯಾಗುವುದರಿಂದ ಲೇಬಲ್ಲಿನ ವರ್ಷವನ್ನೂ ನೋಡಬೇಕು. ಲೇಬಲ್ಲಿನ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆಯದು. ನಿಮ್ಮ ಮನೆಯಲ್ಲಿ ಬೇಸಿಗೆಯ ರಾತ್ರಿಗಳಿಗಷ್ಟೇ ಹಾಕುವುದಾದರೆ ಉಳಿತಾಯವೂ ಅದಕ್ಕೆ ತಕ್ಕಷ್ಟೇ, ಹೆಚ್ಚಿನ ಬೆಲೆ ಕೊಡುವ ಮುನ್ನ ಈ ಗುಣಾಕಾರ ಮಾಡಿಕೊಳ್ಳಿ. ಹಳೆಯ ಏಸಿಯಲ್ಲಿ ಆರ್-22 ಅನಿಲವಿದ್ದರೆ ಬಿಚ್ಚುವಾಗ ಅದನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತೆಗೆದುಕೊಳ್ಳುವ ಮೆಕ್ಯಾನಿಕ್‌ನನ್ನೇ ಕರೆಸಿ. ಅದು ಓಝೋನ್ ಪದರವನ್ನು ತಿನ್ನುವ ಅನಿಲ.