ದಾರಿಗಳನ್ನು ತೆರೆದ ಕಬ್ಬನ್

ಮಲೆನಾಡಿನ ಅಡಕೆ, ಮೆಣಸು, ಏಲಕ್ಕಿಗಳು ಒಂದು ಕಾಲದಲ್ಲಿ ಹೇರೆತ್ತುಗಳ ಬೆನ್ನಿನ ಮೇಲೆಯೇ ಪೇಟೆಯನ್ನು ಸೇರುತ್ತಿದ್ದವು. ಮಳೆಗಾಲದಲ್ಲಿ ತುಂಗಾ ಭದ್ರಾ ನದಿಗಳು ತುಂಬಿ ಹರಿದಾಗ ಆ ಸಂಚಾರವೂ ದುಸ್ತರವಾಗುತ್ತಿತ್ತು. ಇಂತಹ ಸೀಮೆಗೆ ಬಂಡಿಯ ದಾರಿಗಳನ್ನು ತೆರೆದವರಲ್ಲಿ ಸರ್ ಮಾರ್ಕ್ ಕಬ್ಬನ್ ಪ್ರಮುಖರು.

ಕಬ್ಬನ್ನರು ಮ್ಯಾನ್ ದ್ವೀಪದವರು. 1800ರಲ್ಲಿ ಕಂಪನಿಯ ಸೇನೆಯನ್ನು ಸೇರಿ ಭಾರತಕ್ಕೆ ಬಂದರು. ನಗರ ಸೀಮೆಯ ರೈತರ ದಂಗೆಯ ತರುವಾಯ, 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷರ ವಶವಾಯಿತು. 1834ರಲ್ಲಿ ಕಬ್ಬನ್ನರು ಅದರ ಕಮಿಷನರಾದರು.

ಬೆಂಗಳೂರನ್ನು ಶಿವಮೊಗ್ಗ ಮೊದಲಾದ ಆಡಳಿತ ಕೇಂದ್ರಗಳೊಡನೆಯೂ ಮಲೆನಾಡನ್ನು ಕರಾವಳಿಯೊಡನೆಯೂ ಕೂಡಿಸುವುದೇ ಅವರ ರಸ್ತೆಗಳ ಗುರಿಯಾಗಿತ್ತು. ಆಗುಂಬೆ ಘಟ್ಟದ ರಸ್ತೆಯು ಅಂಥವುಗಳಲ್ಲಿ ಒಂದು. ಅವರ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆಗಳೂ 300ಕ್ಕೂ ಹೆಚ್ಚು ಸೇತುವೆಗಳೂ ನಿರ್ಮಾಣಗೊಂಡವು. 1856ರಲ್ಲಿ ಲೋಕೋಪಯೋಗಿ ಇಲಾಖೆಯು ಸ್ಥಾಪನೆಯಾಯಿತು. ದಾರಿ ಸುಗಮವಾದರೂ ಸುಂಕಗಳು ಅಡ್ಡನಿಂತರೆ ಫಲವೇನು? ಜನರನ್ನು ಕಾಡುತ್ತಿದ್ದ 700ಕ್ಕೂ ಹೆಚ್ಚು ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ಅವರು ರದ್ದುಪಡಿಸಿದರು.

ಆಳಿದವರು ಪರಕೀಯರು, ಹಣ ತೆತ್ತವರೂ ಕಲ್ಲು ಹೊತ್ತವರೂ ಈ ನಾಡಿನ ಜನರು. ಇದನ್ನು ಮರೆಯಲಾಗದು. ಆದರೆ ಆ ದಾರಿಗಳ ಪ್ರಯೋಜನವು ಪರಕೀಯರ ಆಳ್ವಿಕೆಯೊಡನೆ ಮುಗಿಯಲಿಲ್ಲ.

1861ರಲ್ಲಿ ಕಬ್ಬನ್ನರು ಅಧಿಕಾರವನ್ನು ತ್ಯಜಿಸಿ, ಆರು ದಶಕಗಳ ಬಳಿಕ ತಾಯ್ನಾಡಿಗೆ ಹೊರಟರು. ನಾಡಿಗೆ ದಾರಿಗಳನ್ನು ಕಟ್ಟಿಕೊಟ್ಟ ಅವರು ತಮ್ಮ ಊರನ್ನು ತಲುಪಲಿಲ್ಲ. ಏಪ್ರಿಲ್ ತಿಂಗಳಲ್ಲಿ ಸೂಯೆಜ್‌ನಲ್ಲಿ ನಿಧನರಾದರು.

ಇಂದು ಭದ್ರಾವತಿ, ಶಿವಮೊಗ್ಗಗಳ ವಾಹನ ದಟ್ಟಣೆಯನ್ನು ತಪ್ಪಿಸಲು ಊರ ಹೊರಗಿನ ಬಳಸುದಾರಿಗಳನ್ನೂ ಚತುಷ್ಪಥ ಹೆದ್ದಾರಿಯನ್ನೂ ಯೋಜಿಸುವ ಇಂಜಿನಿಯರುಗಳ ಕಾರ್ಯವು, ಅಂದು ಎತ್ತಿನ ಬಂಡಿಗಾಗಿ ಆರಂಭವಾದ ಕೆಲಸದ ಮುಂದುವರಿಕೆಯೇ ಆಗಿದೆ.